ಗುರಿ ತಪ್ಪಿದ್ದು ಯಾರದು?

ಬಂದೂಕು ಹಿಡಿದು ಗುರಿಯಿಡುವ ಆಟಕ್ಕೆ ನವಲಗುಂದ, ಕುಂದಗೋಳದ ಕಡೆ ಎರಡು ಅಂಗಳ: ಜಾತ್ರೆಯ ಬಲೂನು ಅಂಗಡಿ, ಮನೆಯ ಟಿವಿ. ಯಮನೂರಿನಂಥ ಜಾತ್ರೆಯಲ್ಲಿ ಹಲಗೆಯ ಮೇಲೆ ಸಾಲಾಗಿ ಬಲೂನು, ಮುಂದೆ ಗಾಳಿ ಬಂದೂಕು. ಒಡೆದರೆ ಕೀರ್ತಿ ಹೊಡೆದವನದು. ಒಡೆಯದಿದ್ದರೆ 'ನಳಿಗೀನ ಸೊಟ್ಟ ಐತಿ' ಎಂಬ ತೀರ್ಪು. ಹಿಂದೆ ನಿಂತವರೆಲ್ಲ ವಿಮರ್ಶಕರು: 'ಎಡಕ್ಕ ಹಿಡೀಲೇ, ಉಸರ ಬಿಗಿ ಹಿಡಿ!' ಇವರಲ್ಲಿ ಕಾಸು ಬಿಚ್ಚುವವರು ಮಾತ್ರ ಕಡಿಮೆ.

ಟಿವಿಯಲ್ಲಿ ಈ ಆಟಕ್ಕೆ ಹೆಸರು ತಂದದ್ದು 1984ರ ನಿಂಟೆಂಡೊ ಆಟ ಡಕ್ ಹಂಟ್. ಅದರ ಬಂದೂಕು ಏನನ್ನೂ ಹಾರಿಸುವುದಿಲ್ಲ, ನೋಡುತ್ತದೆ ಅಷ್ಟೇ. ಟ್ರಿಗರ್ ಒತ್ತಿದಾಗ ಪರದೆ ಕ್ಷಣಮಾತ್ರ ಕಪ್ಪಾಗಿ, ಬಾತುಕೋಳಿ ಇದ್ದಲ್ಲಿ ಬಿಳಿ ಚೌಕ ಮೂಡುತ್ತದೆ. ನಳಿಗೆಯೊಳಗಿನ ಕಣ್ಣಿಗೆ ಆ ಬೆಳಕು ಬಿದ್ದರೆ ಹಕ್ಕಿಯೂ ಬಿತ್ತು. ಹಕ್ಕಿ ತಪ್ಪಿಸಿಕೊಂಡರೆ ಹುಲ್ಲಿನಿಂದ ನಾಯಿಯೊಂದು ಎದ್ದು ಕಿಸಿಕಿಸಿ ನಗುತ್ತದೆ. ಬಾತುಕೋಳಿ ಬಿಟ್ಟು ಆ ನಾಯಿಗೇ ಗುರಿಯಿಟ್ಟವರು ಲೋಕದ ತುಂಬ ಇದ್ದಾರೆ.

2006ರಲ್ಲಿ ಬಂದ, ಅದೇ ನಿಂಟೆಂಡೊ ಕಂಪನಿಯ ವೀ ಆಟದ ಯಂತ್ರದ ರಿಮೋಟ್‌ಗೆ ತುದಿಯಲ್ಲಿ ಅವಕೆಂಪು ಕ್ಯಾಮೆರಾ, ಒಳಗೆ ಚಲನೆ ಅಳೆಯುವ ಸಾಧನ. ಆಟಗಾರರು ಕೈಯಲ್ಲೇ ಗುರಿಯಿಡುವ ಸುಖವನ್ನು ಹೊಗಳಿದರು. ವಿಮರ್ಶಕರು ತೋಳುನೋವನ್ನೂ ನಡುಗುವ ಗುರಿಚುಕ್ಕೆಯನ್ನೂ ಎಣಿಸಿದರು. ರಿಮೋಟ್ ಕೈಜಾರಿ ಟಿವಿಗೆ ಬಡಿದದ್ದೂ ಉಂಟು. ಕಂಪನಿ ಮುಂಗೈಗೆ ಕಟ್ಟುವ ದಾರವನ್ನು ದಪ್ಪ ಮಾಡಿಕೊಡಬೇಕಾಯಿತು. ಜಾತ್ರೆಯಲ್ಲಿ ಆ ಭಯವಿಲ್ಲ. ಅಲ್ಲಿ ಒಡೆದರೆ ಬಲೂನು ಮಾತ್ರ. ಒಡೆಯದಿದ್ದರೂ ಕಾಸು ಅಂಗಡಿಯವನದೇ.