ಕಂಪನಿಯ ಆತ್ಮವಿಚಾರ: ಬಿ.ಕಾಂ. ಮೊದಲ ವರ್ಷದ ಪಠ್ಯ ವೇದಾಂತವೇ ಹೊರತು ವಾಣಿಜ್ಯವಲ್ಲವೆಂಬ ಸಿದ್ಧಾಂತ

ವೇದಾಂತ ಓದಲು ವಿಶ್ವವಿದ್ಯಾಲಯಗಳಿಗೆ ಈಗ ಯಾರೂ ಬರುತ್ತಿಲ್ಲ ಎಂದು ವಿದ್ವಾಂಸರು ಕೊರಗುವುದುಂಟು. ಅವರು ಬೇರೆ ಯಾವುದೋ ಕೊಠಡಿಯ ಹಾಜರಿ ಪುಸ್ತಕ ನೋಡುತ್ತಿದ್ದಾರೆ. ಪ್ರತಿ ವರ್ಷ ಪಿಯುಸಿ ಮುಗಿಸಿದ ಮಕ್ಕಳು ಸಾಲುಗಟ್ಟಿ ಬಿ.ಕಾಂ., ಬಿ.ಬಿ.ಎ.ಗಳಿಗೆ ಸೇರುತ್ತಾರೆ. ಸೇರಿದ ಮೊದಲ ವರ್ಷದಲ್ಲೇ, ಕಣ್ಣಿಗೆ ಕಾಣದ, ಮುಟ್ಟಲು ಸಿಗದ, ಹುಟ್ಟಿಸಿದವರು ಸತ್ತರೂ ತಾನು ಸಾಯದ ಒಂದು ತತ್ತ್ವದ ಲಕ್ಷಣಗಳನ್ನು ಬಾಯಿಪಾಠ ಮಾಡಿ, ಐದು ಅಂಕಕ್ಕೆ ಎಷ್ಟು ಬೇಕೋ ಅಷ್ಟನ್ನು ಉತ್ತರಪತ್ರಿಕೆಗೆ ಇಳಿಸಿ, ಮುಂದಿನ ಸೆಮಿಸ್ಟರಿಗೆ ದಾಟಿಕೊಳ್ಳುತ್ತಾರೆ. ಈ ವಿಷಯಕ್ಕೆ ಒಂದೊಂದು ಕಡೆ ಒಂದೊಂದು ಹೆಸರು: ವ್ಯವಹಾರ ಸಂಘಟನೆ, ವ್ಯವಹಾರ ಅಧ್ಯಯನ, ನಿರ್ವಹಣಾ ತತ್ತ್ವಗಳು. ಹೆಸರು ನೋಡಿ ಮೋಸಹೋಗಬಾರದು. ಇದು ವ್ಯಾಪಾರ ಹೇಗೆ ನಡೆಯುತ್ತದೆ ಎಂದು ಕಲಿಸುವ ಶಾಸ್ತ್ರವಲ್ಲ, ಅಪ್ಪಟ ಆತ್ಮವಿದ್ಯೆ. ವಾಣಿಜ್ಯ ವಿಭಾಗದವರು ಅದೇನೆಂದು ಅರಿಯದೆಯೇ ಸಾಕಿಕೊಂಡು ಬಂದಿದ್ದಾರೆ ಎಂಬುದು ಈ ಪ್ರಬಂಧದ ಸಿದ್ಧಾಂತ. ಪೂರ್ವಪಕ್ಷಗಳನ್ನು ಮುಂದೆ ವಿಚಾರಿಸಿಕೊಳ್ಳಲಾಗುವುದು.

ಮೊದಲು ಪ್ರಮಾಣ. ಪ್ರತ್ಯಕ್ಷ, ಅನುಮಾನ, ಆಗಮ ಎಂಬ ಮೂರರಲ್ಲಿ ಪ್ರತ್ಯಕ್ಷವನ್ನು ಈ ಪಠ್ಯ ಹೊಸ್ತಿಲಲ್ಲೇ ಬಿಡಿಸುತ್ತದೆ. ಪರೀಕ್ಷೆ ಬರೆಯುವ ಮುನ್ನ ವಿದ್ಯಾರ್ಥಿ ಒಂದು ಗೋದಾಮನ್ನಾಗಲಿ, ಒಂದು ಬಿಲ್ ಪುಸ್ತಕವನ್ನಾಗಲಿ, ಬಾಕಿ ಉಳಿಸಿಕೊಂಡು ಬೀದಿ ಬದಲಿಸಿದ ಗಿರಾಕಿಯನ್ನಾಗಲಿ ಕಂಡಿರಬೇಕೆಂಬ ಕಟ್ಟಳೆ ಇಲ್ಲ. ಅನುಮಾನಕ್ಕೂ ಎಡೆಯಿಲ್ಲ. ಉಳಿದದ್ದು ಆಗಮ. ಕಂಪನಿಯ ಅಧ್ಯಾಯ ತೆರೆದೊಡನೆ ಎಲ್. ಎಚ್. ಹ್ಯಾನಿಯ ವ್ಯಾಖ್ಯೆ ಎದುರಾಗುತ್ತದೆ. ಹ್ಯಾನಿ ಯಾವ ದೇಶದವನು, ಯಾವ ಕಾಲದವನು, ಆ ಮಾತನ್ನು ಯಾವ ಸಂದರ್ಭದಲ್ಲಿ ಹೇಳಿದ ಎಂದು ಗೈಡುಗಳು ತಿಳಿಸುವುದಿಲ್ಲ, ಮಕ್ಕಳು ಕೇಳುವುದೂ ಇಲ್ಲ. ಕರ್ತೃವಿನ ಸುಳಿವಿಲ್ಲದೆ ವಾಕ್ಯವೊಂದು ಬಾಯಿಂದ ಬಾಯಿಗೆ ಅಕ್ಷರ ತಪ್ಪದೆ ಸಾಗಿಬಂದರೆ ಅದನ್ನು ಅಪೌರುಷೇಯ ಎನ್ನುವುದು ನಮ್ಮ ಸಂಪ್ರದಾಯ. ಹ್ಯಾನಿಯ ಬೆನ್ನಿಗೇ ಅಮೆರಿಕದ ನ್ಯಾಯಮೂರ್ತಿ ಜಾನ್ ಮಾರ್ಷಲ್ ಬರುತ್ತಾನೆ. ಕಂಪನಿ ಕೃತಕ ವ್ಯಕ್ತಿ, ಅದೃಶ್ಯ, ಅಮೂರ್ತ, ಕಾನೂನಿನ ಕಲ್ಪನೆಯಲ್ಲಷ್ಟೇ ಇರುವಂಥದ್ದು ಎಂಬುದು 1819ರಲ್ಲಿ ಅವನು ಕೊಟ್ಟ ಮಹಾವಾಕ್ಯದ ಸಾರ. ಆ ಮೊಕದ್ದಮೆ ನಡೆದದ್ದು ಸೋಪಿನ ಕಂಪನಿಯ ಮೇಲೂ ಅಲ್ಲ, ಬಟ್ಟೆ ಗಿರಣಿಯ ಮೇಲೂ ಅಲ್ಲ, ಡಾರ್ಟ್‌ಮತ್ ಎಂಬ ಕಾಲೇಜಿನ ಮೇಲೆ. ಅಂದರೆ ವ್ಯವಹಾರ ಸಂಸ್ಥೆಯ ಸ್ವರೂಪ ಮೊದಲು ಹೊಳೆದದ್ದೇ ಕಾಲೇಜನ್ನು ಕುರಿತು ಯೋಚಿಸುವಾಗ. ಕಾಲೇಜು ಕಣ್ಣಿಗೆ ಕಾಣುವುದಿಲ್ಲವೆಂಬ ಮಾತು ಹಾಜರಾತಿ ಕಡಿಮೆಯಿರುವ ವಿದ್ಯಾರ್ಥಿಗಳಿಗೂ ಅನುಭವವೇದ್ಯ.

ಇನ್ನು ಶಾಶ್ವತ ಅಸ್ತಿತ್ವ. ಸದಸ್ಯರು ಬರಬಹುದು, ಹೋಗಬಹುದು, ಕಂಪನಿ ಇದ್ದೇ ಇರುತ್ತದೆ ಎಂದು ಎಲ್ಲ ಪಠ್ಯಪುಸ್ತಕಗಳೂ ಹೇಳುತ್ತವೆ. ಸಾಲದ್ದಕ್ಕೆ, ಸರ್ವಸದಸ್ಯರ ಸಭೆಯ ಮೇಲೆ ಬಾಂಬು ಬಿದ್ದು ಇದ್ದವರೆಲ್ಲ ಸತ್ತರೂ ಕಂಪನಿ ಬದುಕಿರುತ್ತದೆ ಎಂಬ ದೃಷ್ಟಾಂತವನ್ನು ಕಂಪನಿ ಕಾನೂನು ಬೋಧಿಸುವವರು ಬಲು ಉತ್ಸಾಹದಿಂದ ಕೊಡುತ್ತಾರೆ. ಶಸ್ತ್ರದಿಂದ ನಾಶವಾಗದ ವಸ್ತು ಯಾವುದೆಂದು ಈ ನಾಡಿನಲ್ಲಿ ಯಾರನ್ನು ಕೇಳಿದರೂ ಒಂದೇ ಉತ್ತರ ಸಿಗುತ್ತದೆ. ಆ ಉತ್ತರ ಕೂಡುಬಂಡವಾಳ ಕಂಪನಿ ಎಂದಲ್ಲ.

ಸಿದ್ಧಾಂತದ ಹೃದಯ ಇರುವುದು ಕಂಪನಿಗೂ ಷೇರುದಾರನಿಗೂ ಇರುವ ಸಂಬಂಧದಲ್ಲಿ. ಲಂಡನ್ನಿನ ಬೂಟು ತಯಾರಕ ಆರನ್ ಸಾಲೊಮನ್ ತನ್ನ ಅಂಗಡಿಯನ್ನು ತಾನೇ ಕಟ್ಟಿದ ಕಂಪನಿಗೆ ಮಾರಿದ. ಆಗಿನ ಕಾನೂನಿಗೆ ಏಳು ಜನ ಬೇಕಿತ್ತು. ತಾನು, ಹೆಂಡತಿ, ಮಗಳು, ನಾಲ್ವರು ಗಂಡುಮಕ್ಕಳು ಎಂದು ಲೆಕ್ಕ ಸರಿಹೊಂದಿಸಿದ. ಒಟ್ಟು 20,007 ಷೇರುಗಳಲ್ಲಿ ಮನೆಯವರಿಗೆ ತಲೆಗೊಂದು, ಉಳಿದ 20,001 ತನಗೆ. ಮೇಲೆ 10,000 ಪೌಂಡಿನ ಡಿಬೆಂಚರು ಬರೆಸಿಕೊಂಡು ತನ್ನ ಕಂಪನಿಗೆ ತಾನೇ ಭದ್ರತೆಯುಳ್ಳ ಸಾಲಿಗನೂ ಆದ. ಕಂಪನಿ ಮುಳುಗಿತು. ಭದ್ರತೆಯಿಲ್ಲದ ಸಾಲಿಗರು ಸಾಲೊಮನ್ನನೂ ಕಂಪನಿಯೂ ಒಂದೇ ಎಂದು ಕೂಗಿದರು. ಕೆಳಗಿನ ಎರಡು ನ್ಯಾಯಾಲಯಗಳೂ ಹೆಚ್ಚುಕಡಿಮೆ ಹಾಗೆಯೇ ಹೇಳಿದವು: ಕಂಪನಿ ಬರೀ ತೋರಿಕೆ, ಹಿಂದಿರುವವನು ಅವನೊಬ್ಬನೇ. ಶೃಂಗೇರಿಯ ವಿದ್ವಾಂಸರು ತಲೆದೂಗಬಹುದಾದ ತೀರ್ಪು. ಆದರೆ 1897ರ ವರದಿಗಳಲ್ಲಿ ಅಚ್ಚಾದಂತೆ, ಹೌಸ್ ಆಫ್ ಲಾರ್ಡ್ಸ್ ಅದನ್ನು ಒಮ್ಮತದಿಂದ ತಳ್ಳಿಹಾಕಿ, ಸಾಲೊಮನ್ ಬೇರೆ, ಕಂಪನಿ ಬೇರೆ, ಭೇದವು ಸತ್ಯ ಎಂದು ಸಾರಿತು. ಉಡುಪಿಯ ಬಳಿಯ ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರು ಆರು ಶತಮಾನ ಮೊದಲೇ ಸ್ಥಾಪಿಸಿದ್ದನ್ನು ಒಪ್ಪಿಕೊಳ್ಳಲು ಇಂಗ್ಲೆಂಡಿಗೆ ಒಂದು ಬೂಟಿನ ಅಂಗಡಿ ದಿವಾಳಿಯಾಗಬೇಕಾಯಿತು.

ಮಧ್ವಮತದಲ್ಲಿ ಭೇದಗಳು ಐದು: ಈಶ್ವರನಿಗೂ ಜೀವನಿಗೂ, ಈಶ್ವರನಿಗೂ ಜಡಕ್ಕೂ, ಜೀವಜೀವರಿಗೆ, ಜೀವನಿಗೂ ಜಡಕ್ಕೂ, ಜಡಜಡಗಳಿಗೆ. ಕಂಪನಿಯನ್ನು ಈಶ್ವರನೆಂದೂ ಷೇರುದಾರನನ್ನು ಜೀವನೆಂದೂ ಆಸ್ತಿಯನ್ನು ಜಡವೆಂದೂ ಇಟ್ಟುಕೊಂಡರೆ ಕಂಪನಿ ಕಾನೂನಿನ ಅಧ್ಯಾಯ ಭಾಷ್ಯದಂತೆ ಬಿಚ್ಚಿಕೊಳ್ಳುತ್ತದೆ. ಜೀವಜಡ ಭೇದಕ್ಕೆ 1925ರ ಮಕಾರಾ ಪ್ರಕರಣ: ಕಂಪನಿಗೆ ಮಾರಿದ ಮರಮಟ್ಟನ್ನು ಅದರ ಒಡೆಯ ತನ್ನ ಹೆಸರಿನಲ್ಲೇ ವಿಮೆ ಮಾಡಿಸಿದ್ದ; ಬೆಂಕಿ ಬಿತ್ತು; ಷೇರು ನಿನ್ನದಿರಬಹುದು, ಮರ ನಿನ್ನದಲ್ಲ ಎಂದು ಕೈಗೆ ಬಿಡಿಕಾಸೂ ಬರಲಿಲ್ಲ. ನಮ್ಮ ಸುಪ್ರೀಂ ಕೋರ್ಟು 1955ರ ಗುಜ್ದಾರ್ ಪ್ರಕರಣದಲ್ಲಿ ಇನ್ನೂ ಸೂಕ್ಷ್ಮಕ್ಕಿಳಿಯಿತು. ಚಹಾ ಕಂಪನಿಯ ಆದಾಯದಲ್ಲಿ ಶೇ. 60 ಕೃಷಿ ಆದಾಯ. ಅದರಿಂದ ಬಂದ ಡಿವಿಡೆಂಡಿನಲ್ಲೂ ಅಷ್ಟೇ ಪಾಲು ಕೃಷಿಯದೆಂದು ಷೇರುದಾರರ ವಾದ. ಎಲೆ ಚಿಗುರುವುದು ಕಂಪನಿಯ ತೋಟದಲ್ಲಿ, ಡಿವಿಡೆಂಡು ಚಿಗುರುವುದು ಷೇರಿನಲ್ಲಿ ಎಂಬರ್ಥದ ಉತ್ತರ ಬಂತು, ತೆರಿಗೆ ಕಟ್ಟಿದ್ದಾಯಿತು. ಜೀವೇಶ್ವರ ಭೇದದ ಪರಾಕಾಷ್ಠೆ ನ್ಯೂಜಿಲೆಂಡಿನಲ್ಲಿದೆ. ವಿಮಾನದಿಂದ ಗೊಬ್ಬರ ಚೆಲ್ಲುವ ಲೀ ಎಂಬವನ ಕಂಪನಿಯಲ್ಲಿ 3,000 ಷೇರುಗಳ ಪೈಕಿ 2,999 ಅವನವೇ. ಆಡಳಿತ ನಿರ್ದೇಶಕನೂ ಅವನೇ, ಮುಖ್ಯ ಪೈಲಟ್ಟೂ ಅವನೇ; ತನಗೆ ತಾನೇ ಆಜ್ಞೆ ಮಾಡಿಕೊಂಡು ಹಾರುತ್ತಿದ್ದ. 1956ರಲ್ಲಿ ವಿಮಾನ ಬಿದ್ದು ಸತ್ತ. ಅವನು ಕಂಪನಿಯ ನೌಕರನೇ ಹೌದು, ಹೆಂಡತಿಗೆ ಪರಿಹಾರ ಸಲ್ಲಬೇಕು ಎಂದು 1960ರಲ್ಲಿ ಪ್ರಿವಿ ಕೌನ್ಸಿಲ್ ಹೇಳಿತು. ಆಜ್ಞಾಪಿಸುವವನೂ ಪಾಲಿಸುವವನೂ ಒಂದೇ ದೇಹದಲ್ಲಿದ್ದೂ ಬೇರೆಬೇರೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ನಮ್ಮ ಟೀಕಾಕಾರರೂ ಹೇಳಿರಲಾರರು. 1906ರಲ್ಲಿ ಮಂಗಳೂರಿನಲ್ಲೊಂದು, ಉಡುಪಿಯಲ್ಲೊಂದು, 1925ರಲ್ಲಿ ಮತ್ತೆ ಉಡುಪಿಯಲ್ಲೊಂದು ಎಂದು ಮಧ್ವಾಚಾರ್ಯರ ಆ ಕರಾವಳಿಯಲ್ಲೇ ಬ್ಯಾಂಕುಗಳು ಸಾಲಾಗಿ ಹುಟ್ಟಿದ್ದಕ್ಕೆ ಅರ್ಥಶಾಸ್ತ್ರಜ್ಞರು ಏನೇನೋ ಕಾರಣ ಕೊಡುತ್ತಾರೆ. ಕಾರಣ ಮಠದ ಬೀದಿಯಲ್ಲೇ ಇತ್ತು.

ಕಾನೂನು ಹಿಂಜರಿದ ಕಡೆಗೂ ಲೆಕ್ಕಶಾಸ್ತ್ರ ನುಗ್ಗುತ್ತದೆ. ಕಿರಾಣಿ ಅಂಗಡಿಯ ಒಡೆಯನೂ ಅಂಗಡಿಯೂ ಕಾನೂನಿಗೆ ಒಂದೇ. ಅಂಗಡಿಯ ಸಾಲಕ್ಕೆ ಅವನ ಮನೆಯೂ ಹೋಗಬಹುದು. ಆದರೆ ಲೆಕ್ಕದ ಪುಸ್ತಕದಲ್ಲಿ ಅವನು ಹೂಡಿದ ಬಂಡವಾಳ ಅಂಗಡಿ ಅವನಿಗೆ ತೀರಿಸಬೇಕಾದ ಋಣ. ಮಾಡಿನಿಂದ ಒಂದು ಸೋಪು ತೆಗೆದು ಸ್ನಾನಕ್ಕೆ ಹೋದನೋ, ಅದು ಡ್ರಾಯಿಂಗ್ಸ್ ಖಾತೆಗೆ ಬೀಳಬೇಕು. ತನ್ನದನ್ನು ತಾನು ತೆಗೆದುಕೊಂಡದ್ದಕ್ಕೂ ಚಿತ್ರಗುಪ್ತನ ನಮೂದು ಬೇಕೆನ್ನುವ ಈ ಪದ್ಧತಿಯನ್ನು 1494ರಲ್ಲಿ ವೆನಿಸ್ಸಿನಲ್ಲಿ ಮೊದಲು ಅಚ್ಚು ಹಾಕಿಸಿ ವಿವರಿಸಿದ ಲೂಕಾ ಪಾಚೋಲಿ ವರ್ತಕನಲ್ಲ, ಫ್ರಾನ್ಸಿಸ್ಕನ್ ಪಂಥದ ಸನ್ಯಾಸಿ. ಆಸ್ತಿಯೇ ಇಟ್ಟುಕೊಳ್ಳಬಾರದೆಂದು ವ್ರತ ತೊಟ್ಟವನು ಆಸ್ತಿಯ ಲೆಕ್ಕ ಹೇಳಿಕೊಟ್ಟ ಮೇಲೂ ಇದು ಲೌಕಿಕ ಶಾಸ್ತ್ರವೆಂದು ವಾದಿಸುವವರಿಗೆ ಹೇಳುವುದೇನೂ ಉಳಿದಿಲ್ಲ. ಕಂಪನಿಯ ಸಾಮಾನ್ಯ ಮೊಹರು ಮುದ್ರಾಧಾರಣೆಯ ಅವಶೇಷವೆಂಬುದನ್ನು ಇಲ್ಲಿ ಸೂಚಿಸಿದರೆ ಸಾಕು. 2015ರ ತಿದ್ದುಪಡಿಯಲ್ಲಿ ಅದನ್ನು ಐಚ್ಛಿಕ ಮಾಡಿದ್ದು ಆಚಾರ ಸಡಿಲವಾದುದರ ಲಕ್ಷಣ.

ಮೊದಲ ಆಕ್ಷೇಪ ಇಂಗ್ಲೆಂಡಿನ ಎಡ್ವರ್ಡ್ ಕೋಕನದು. ನಿಗಮಗಳಿಗೆ ಆತ್ಮವಿಲ್ಲ, ಆದ್ದರಿಂದ ಅವನ್ನು ಧರ್ಮಬಹಿಷ್ಕಾರ ಮಾಡಲೂ ಬರುವುದಿಲ್ಲ ಎಂದು 1612ರಲ್ಲೇ ಅವನು ಬರೆದಿಟ್ಟ. ಕಂಪನಿಯ ಹೆಸರಿನಲ್ಲಿ ನಡೆದದ್ದನ್ನೆಲ್ಲ ಕಂಡವರು ಇಂದಿಗೂ ಇದನ್ನೇ ಹೇಳುತ್ತಾರೆ. ಆಕ್ಷೇಪ ಮೇಲ್ನೋಟಕ್ಕೆ ಬಲವಾದದ್ದು, ಆದರೆ ತರ್ಕದೋಷದಿಂದ ಕೂಡಿದೆ. ದೇಹಕ್ಕೆ ಆತ್ಮವಿರುತ್ತದೆ, ಆತ್ಮಕ್ಕೆ ಇನ್ನೊಂದು ಆತ್ಮವಿರುವುದಿಲ್ಲ. ಕಂಪನಿಗೆ ಆತ್ಮವಿಲ್ಲವೆಂದು ಕೋಕ್ ಸಾಧಿಸಿದಷ್ಟೂ ಅದೇ ಆತ್ಮವೆಂದು ನಮ್ಮ ಕಡೆಗೆ ಸಾಧಿಸಿಕೊಟ್ಟಂತಾಯಿತು. ಎರಡನೆಯ ಆಕ್ಷೇಪ ಚಿಕ್ಕಪೇಟೆಯದು: ಇಂಥ ಯಾವ ಪಠ್ಯವನ್ನೂ ಮುಟ್ಟದವರು ಮೂರು ತಲೆಮಾರು ಸೀರೆ ಮಾರಿದ್ದಾರಲ್ಲ, ಅವರಿಗೆ ವ್ಯವಹಾರ ಗೊತ್ತಿಲ್ಲವೆ? ಗೊತ್ತಿದೆ. ಅವರು ಕರ್ಮಕಾಂಡಿಗಳು. ಬೆಳಿಗ್ಗೆ ಬಾಗಿಲು ತೆಗೆಯುವುದು, ಬೋಣಿ, ಉದ್ರಿ, ವಸೂಲಿ ಎಂಬ ನಿತ್ಯನೈಮಿತ್ತಿಕಗಳಲ್ಲಿ ಅವರನ್ನು ಮೀರಿಸುವವರಿಲ್ಲ. ಈ ಪಠ್ಯವಿರುವುದು ಜ್ಞಾನಕಾಂಡದಲ್ಲಿ, ಅಲ್ಲಿ ಸೀರೆ ಮಾರಾಟವಾಗುವ ಅಗತ್ಯವಿಲ್ಲ. ಹಾಗಾದರೆ ಪಠ್ಯದಲ್ಲಿ ಲಾಭದ ಮಾತೇ ಇದೆಯಲ್ಲ ಎನ್ನಬಹುದು. ಇದೆ, ‘ವ್ಯವಹಾರದ ಉದ್ದೇಶಗಳು’ ಎಂಬ ಪಟ್ಟಿಯಲ್ಲಿ, ಗ್ರಾಹಕರ ತೃಪ್ತಿ ಮತ್ತು ರಾಷ್ಟ್ರದ ಏಳಿಗೆಗಳ ನಡುವೆ, ಫಲಶ್ರುತಿಯ ಹಾಗೆ. ಅದನ್ನು ಪಡೆಯುವ ಬಗೆಯನ್ನು ಪ್ರಶ್ನೆಪತ್ರಿಕೆ ಕೇಳುವುದಿಲ್ಲ.

ಮೂರನೆಯವನು ಚಾರ್ವಾಕ. ಸುಟ್ಟ ದೇಹ ಮರಳಿ ಬಾರದು, ಆದ್ದರಿಂದ ಸಾಲದ ತುಪ್ಪಕ್ಕೆ ಹೆದರಬೇಡಿ ಎಂದವನು ತಾನೇ ಸೀಮಿತ ಹೊಣೆಗಾರಿಕೆಯ ಆದಿಪುರುಷ, ಕಂಪನಿ ತನ್ನ ಮತಕ್ಕೆ ಸೇರಬೇಕೆಂದು ಅವನ ಕಡೆಯವರು ಹಕ್ಕು ಸಾಧಿಸಬಹುದು. ತುಪ್ಪದ ಮಟ್ಟಿಗೆ ಅವರ ವಾದ ನ್ಯಾಯವಾದದ್ದೇ. ಷೇರಿನ ಹಣ ಪೂರ್ತಿ ಕಟ್ಟಿದವನಿಗೆ ಆಮೇಲೆ ಯಾವ ಪಾಪವೂ ಅಂಟುವುದಿಲ್ಲ. ತುಪ್ಪ ಕೊಟ್ಟವನು ಮಾತ್ರ ಸರದಿಯಲ್ಲಿ ಹಿಂದೆ ನಿಲ್ಲುತ್ತಾನೆ. ಆದರೆ ಕಂಪನಿ ಮರಳಿ ಬರುತ್ತದೆ, ಚಾರ್ವಾಕನ ವಾದ ಬೀಳುವುದು ಅಲ್ಲಿ. 2013ರ ಕಂಪನಿ ಕಾಯ್ದೆಯ 248ನೇ ಕಲಮಿನಲ್ಲಿ ರಿಜಿಸ್ಟ್ರಾರರು ಹೆಸರು ಹೊಡೆದುಹಾಕಿದ ಕಂಪನಿಯನ್ನು, 252ನೇ ಕಲಮಿನ ಪ್ರಕಾರ ಇಪ್ಪತ್ತು ವರ್ಷದೊಳಗೆ ಅರ್ಜಿ ಹಾಕಿ ಪುನಃ ಬದುಕಿಸಬಹುದು. ಏನೂ ಮಾಡದೆ ಮಲಗಿರಬೇಕೆನಿಸಿದರೆ 455ನೇ ಕಲಮು ಸುಪ್ತ ಕಂಪನಿಯ ಪದವಿ ಕೊಡುತ್ತದೆ. ಮಾಂಡೂಕ್ಯ ಓದಿದವರಿಗೆ ಈ ಅವಸ್ಥೆಯ ಪರಿಚಯ ಮಾಡಿಸಬೇಕಾಗಿಲ್ಲ. ಪ್ರಾಯಶ್ಚಿತ್ತವೂ ಇದೆ. ದಿವಾಳಿ ಸಂಹಿತೆಗೆ 2020ರಲ್ಲಿ ಸೇರಿದ 32ಎ ಕಲಮು, ಪುನಶ್ಚೇತನದ ಯೋಜನೆ ಮಂಜೂರಾಗಿ ಆಡಳಿತ ನಿಜವಾಗಿ ಬೇರೆಯವರ ಕೈಸೇರಿದರೆ, ಕಂಪನಿಯ ಹಿಂದಿನ ಅಪರಾಧಗಳನ್ನು ಅದರ ಮೈಮೇಲಿಂದ ತೊಳೆಯುತ್ತದೆ; ಆ ಅಪರಾಧ ಮಾಡಿದ ಮನುಷ್ಯರನ್ನು ತೊಳೆಯುವುದಿಲ್ಲ. ಈಶ್ವರ ನಿರ್ಲೇಪ, ಜೀವ ಕರ್ಮಬದ್ಧ ಎಂಬುದನ್ನು ಸಂಸತ್ತೇ ಅಂಗೀಕರಿಸಿದ ಮೇಲೆ ಪ್ರಬಂಧಕಾರನ ಕೆಲಸ ಹಗುರ.

ಮಾಯೆಯ ಜಾಗ ಎಲ್ಲಿ ಎಂದು ಅದ್ವೈತಿಗಳು ಕೇಳದೆ ಬಿಡಲಾರರು. ಅವರಿಗೆ ಸಲ್ಲಬೇಕಾದ ಪಾಲು ಬಾಂಬೆ ಹೈಕೋರ್ಟಿನ 1927ರ ದಿನ್‌ಶಾ ಪೆಟಿಟ್ ಪ್ರಕರಣದಲ್ಲಿ ಸಂದಿದೆ. ತೆರಿಗೆ ತಪ್ಪಿಸಲು ಶ್ರೀಮಂತರೊಬ್ಬರು ನಾಲ್ಕು ಖಾಸಗಿ ಕಂಪನಿಗಳನ್ನು ಕಟ್ಟಿ, ತಮ್ಮ ಹೂಡಿಕೆಯ ವರಮಾನವನ್ನು ಅವಕ್ಕೆ ಕೊಟ್ಟು, ಅವುಗಳಿಂದ ಸಾಲವೆಂಬ ಹೆಸರಿನಲ್ಲಿ ತಾವೇ ವಾಪಸು ಪಡೆಯುತ್ತಿದ್ದರು. ನ್ಯಾಯಾಲಯ ಮುಸುಕು ಸರಿಸಿ ನೋಡಿದಾಗ ಒಳಗೆ ಅವರೊಬ್ಬರೇ ಕೂತಿದ್ದರು. ಸರ್ಕಾರಕ್ಕೆ ತೆರಿಗೆ ಬಾಕಿಯಿದ್ದಾಗ ಅಭೇದವೂ, ಬಡ ಸಾಲಿಗನಿಗೆ ಹಣ ಬಾಕಿಯಿದ್ದಾಗ ಭೇದವೂ ಪ್ರಕಾಶಿಸುವುದು ಹೆಚ್ಚೆಂಬುದು ವ್ಯಾವಹಾರಿಕ ಸತ್ಯ. ಪಾರಮಾರ್ಥಿಕಕ್ಕೆ ಅದರಿಂದ ಬಾಧೆಯಿಲ್ಲ. ಗುಡ್‌ವಿಲ್ ಎಂಬ ಆಸ್ತಿಯನ್ನು ವರ್ಣಿಸುವುದು ಸುಲಭ, ಲಕ್ಷಣ ಹೇಳುವುದು ಕಷ್ಟ ಎಂದು 1901ರಲ್ಲಿ ಲಾರ್ಡ್ ಮ್ಯಾಕ್ನಾಟನ್ ಕೈಚೆಲ್ಲಿದ್ದನ್ನೂ ಅನಿರ್ವಚನೀಯತೆಯ ಖಾತೆಗೆ ಜಮಾ ಮಾಡಿಕೊಳ್ಳಬಹುದು.

ಇಷ್ಟರಿಂದ ಫಲಿಸುವ ಆಡಳಿತಾತ್ಮಕ ಕ್ರಮ ಒಂದೇ: ಈ ಪಠ್ಯವನ್ನು ವಾಣಿಜ್ಯ ವಿಭಾಗದಿಂದ ಬಿಡಿಸಿ ಚಾಮರಾಜಪೇಟೆಯ ಸಂಸ್ಕೃತ ವಿಶ್ವವಿದ್ಯಾಲಯಕ್ಕೆ ವರ್ಗಾಯಿಸುವುದು. ಕಾರ್ಯಭಾರ ಕಡಿಮೆಯಾಗಿ ಅತಿಥಿ ಉಪನ್ಯಾಸಕರಿಗೆ ಕಷ್ಟವಾದೀತೆಂಬ ಆತಂಕ ಸಕಾರಣವಾದದ್ದು. ಅವರನ್ನೂ ಪಠ್ಯದೊಂದಿಗೆ ವರ್ಗಾಯಿಸಬೇಕು. ಸಿದ್ಧಾಂತಕ್ಕೆ ನಿಜವಾಗಿ ತೊಡಕಾಗಿರುವ ನಾಸ್ತಿಕ ಒಬ್ಬನೇ, ಅವನು ಬ್ಯಾಂಕಿನ ಶಾಖಾ ವ್ಯವಸ್ಥಾಪಕ. ಅವನೂ ಬಿ.ಕಾಂ. ಓದಿರುತ್ತಾನೆ, ಐದಕ್ಕೆ ಐದು ಪಡೆದಿರುತ್ತಾನೆ. ಆದರೂ ಕೃತಕ ವ್ಯಕ್ತಿಯೊಂದು ಸಾಲ ಕೇಳಿಕೊಂಡು ಬಂದಾಗ, ಅದು ಪ್ರತ್ಯೇಕ, ಅವಿನಾಶಿ, ನಿತ್ಯ ಎಂಬುದನ್ನೆಲ್ಲ ಸಮಾಧಾನದಿಂದ ಕೇಳಿಸಿಕೊಂಡು, ನಿರ್ದೇಶಕರ ಕಡೆಗೆ ವೈಯಕ್ತಿಕ ಜಾಮೀನಿನ ಕಾಗದ ತಳ್ಳಿ, ಬರುವಾಗ ಮನೆಯ ಪತ್ರವನ್ನೂ ತನ್ನಿ ಎನ್ನುತ್ತಾನೆ. ಕಂಪನಿಯ ಸಾಲ ಪುನಶ್ಚೇತನದ ಯೋಜನೆಯಲ್ಲಿ ಇತ್ಯರ್ಥವಾದರೂ ಜಾಮೀನುದಾರನ ಹೊಣೆ ತಾನಾಗಿ ಕಳೆಯದು ಎಂದು ಸುಪ್ರೀಂ ಕೋರ್ಟು 2021ರ ಮೇ ತಿಂಗಳಲ್ಲಿ ಅವನ ಬೆನ್ನಿಗೂ ನಿಂತಿತು. ಈ ಆಕ್ಷೇಪಕ್ಕೆ ಉತ್ತರ ಸದ್ಯದ ಪಠ್ಯಕ್ರಮದಲ್ಲಿಲ್ಲ. ಬೇಕಾದರೆ ಐದನೇ ಘಟಕದ ಕೊನೆಗೆ ಸೇರಿಸಬಹುದು. ಐದನೇ ಘಟಕಕ್ಕೆ ಬರುವಷ್ಟರಲ್ಲಿ ತರಗತಿಗಳು ಮುಗಿದಿರುವುದರಿಂದ ಸಿದ್ಧಾಂತಕ್ಕೆ ಹೆಚ್ಚಿನ ಅಪಾಯವಿಲ್ಲ.