ಬೀರುವಿನೊಳಗಿನ ವೈಫೈ

"ಸಾವ್ಕಾರ್ರೇ, ರೂಟರ್ ಎಲ್ಲಿ?"

"ಕಬ್ಬಿಣದ ಬೀರುವಿನಲ್ಲಿ. ಕಾಸು ಕೊಟ್ಟ ಸಾಮಾನು ಕಣಯ್ಯ!"

"ಕಬ್ಬಿಣ ಸಿಗ್ನಲ್ ತಡೆಯುತ್ತೆ."

"5 ಗಿಗಾಹರ್ಟ್ಸ್ ಅಂತ ಜಾಸ್ತಿ ದುಡ್ಡು ಕಿತ್ಕೊಂಡ್ರಲ್ಲ?"

"ಅದಕ್ಕೆ ವೇಗ ಹೆಚ್ಚು, ಗೋಡೆ ದಾಟೋದು ಕಮ್ಮಿ. ಗೋದಾಮಿಗೆ 2.4 ವಾಸಿ. ಬಿಲ್ಲಿಂಗ್ ಕಂಪ್ಯೂಟರಿಗೆ ಕೇಬಲ್ ಎಳೆಯೋಣ, 100 ಮೀಟರ್‌ವರೆಗೂ ತೊಂದರೆಯಿಲ್ಲ."

"ಕೇಬಲ್ ಎಳೆಯೋದಾದ್ರೆ ವೈರ್‌ಲೆಸ್ ಯಾಕಪ್ಪ ಮಾರಿದೆ?"

(ನ್ಯಾಯವಾದ ಪ್ರಶ್ನೆ. ಹುಡುಗ ತಲೆ ಕೆರೆದುಕೊಂಡ.)

"ಪಾಸ್‌ವರ್ಡ್ ಹೇಳಿ ಸಾರ್."

"ಡಬ್ಬದಲ್ಲಿ ಬಂದದ್ದೇ, ಅಡ್ಮಿನ್. ಎದುರು ಬೇಕರಿಯವನಿಗೂ ಬಾಯಿಪಾಠ."

"ಅಯ್ಯೋ, ಅವನು ಒಳಗೆ ನುಗ್ಗಿ ನಿಮ್ಮ ಲೆಕ್ಕಪತ್ರ ನೋಡಿಬಿಟ್ರೆ?"

"ನೋಡಲಿ ಬಿಡು. ಅವನ ಮೂರು ವರ್ಷದ ಸಾಲ ಅದರಲ್ಲೇ ಇದೆ. ನಾನು ಬಾಯಿಬಿಟ್ಟು ಕೇಳೋದಾದ್ರೂ ತಪ್ಪುತ್ತೆ."

ಇಂಥ ಸಾಲಗಾರರಿಲ್ಲದ ಓದುಗರು ತಮ್ಮ ಪಾಸ್‌ವರ್ಡನ್ನು ಇವತ್ತೇ ಬದಲಿಸಿಕೊಳ್ಳಿ.