ಮೂರು ವರ, ಒಂದು ಹೈಸ್‌ಮನ್

ಎಲ್ಲರಿಗಿಂತ ಹೆಚ್ಚು ಜನ "ಇವನೇ ನಮ್ಮ ಮೊದಲ ಆಯ್ಕೆ" ಎಂದು ಬರೆದುಕೊಟ್ಟ ಹುಡುಗ ಕೊನೆಗೆ ಮೂರನೆಯವನಾಗಿ ಕೈಕಟ್ಟಿ ಕೂತ ಚುನಾವಣೆ ಕಂಡಿದ್ದೀರಾ ಸ್ವಾಮಿ? ನಮ್ಮ ಪಂಚಾಯಿತಿಯಲ್ಲಲ್ಲ, ನ್ಯೂಯಾರ್ಕಿನಲ್ಲಿ ನಡೆದದ್ದು, 2008ರ ಡಿಸೆಂಬರಿನಲ್ಲಿ.

ಅಮೆರಿಕದ ಕಾಲೇಜು ಫುಟ್‌ಬಾಲಿನಲ್ಲಿ ವರ್ಷಕ್ಕೊಬ್ಬನಿಗೆ ಸಿಗುವ ಹೈಸ್‌ಮನ್ ಟ್ರೋಫಿ ಶುರುವಾದದ್ದು 1935ರಲ್ಲಿ. ಕಂಕುಳಲ್ಲಿ ಚೆಂಡು ಇರುಕಿಕೊಂಡು, ಇನ್ನೊಂದು ಕೈ ಮುಂದೆ ಚಾಚಿ "ಆಚೆ ನಡಿ" ಅನ್ನುವಂತೆ ನಿಂತ ಕಂಚಿನ ಆಳು ಅದು. ಭಂಗಿ ನೋಡಿದರೆ ಓಟಗಾರನದ್ದೇ. ಆದರೆ ಈಚಿನ ವರ್ಷಗಳಲ್ಲಿ ಅದನ್ನು ಮನೆಗೆ ಹೊತ್ತೊಯ್ಯುವವರು ಬಹುಪಾಲು ಕ್ವಾರ್ಟರ್‌ಬ್ಯಾಕ್‌ಗಳು. ಪ್ರತಿ ಸಲವೂ ಚೆಂಡು ಬಂದು ಬೀಳುವುದು ಕ್ವಾರ್ಟರ್‌ಬ್ಯಾಕ್‌ನ ಕೈಗೆ. ಎಸೆಯಲೋ, ಪಕ್ಕದವನಿಗೆ ದಾಟಿಸಲೋ, ನಾನೇ ನುಗ್ಗಲೋ ಎಂದು ಎರಡು ಮೂರು ಸೆಕೆಂಡಿನಲ್ಲಿ ಅವನು ತೀರ್ಮಾನಿಸಬೇಕು. ಅಷ್ಟರೊಳಗೆ 120 ಕಿಲೋ ತೂಗುವ ಭೀಮಸೇನರು ಮೈಮೇಲೆ ಬೀಳಲು ಹೊರಟಿರುತ್ತಾರೆ.

2008ರಲ್ಲಿ ಕಣದಲ್ಲಿದ್ದ ಮೂವರೂ ಕ್ವಾರ್ಟರ್‌ಬ್ಯಾಕ್‌ಗಳೇ. ಫ್ಲೋರಿಡಾದ ಟಿಮ್ ಟೀಬೋ ಹಿಂದಿನ ವರ್ಷವೇ ಟ್ರೋಫಿ ಗೆದ್ದಿದ್ದ. ಎರಡನೇ ವರ್ಷದ ವಿದ್ಯಾರ್ಥಿಯೊಬ್ಬ ಅದನ್ನು ಗೆದ್ದದ್ದು ಅದೇ ಮೊದಲು. ಸೆಪ್ಟೆಂಬರಿನಲ್ಲಿ ಮಿಸಿಸಿಪ್ಪಿಯವರ ಎದುರು 31-30ರಲ್ಲಿ ಸೋತಾಗ, ಇನ್ನು ಮುಂದೆ ನನ್ನಷ್ಟು ಮೈಮುರಿದು ಆಡುವವನನ್ನು ನೀವು ಕಾಣಲಾರಿರಿ ಎಂದು ಪತ್ರಕರ್ತರ ಮುಂದೆ ಕಣ್ಣು ಒದ್ದೆ ಮಾಡಿಕೊಂಡು ಪ್ರಮಾಣ ಮಾಡಿದ. ಅಲ್ಲಿಂದಾಚೆಗೆ ಆ ಋತುವಿನಲ್ಲಿ ತಂಡ ಸೋಲಲಿಲ್ಲ. ಆ ಮಾತನ್ನು ಫಲಕದಲ್ಲಿ ಕೆತ್ತಿಸಿ ಗೋಡೆಗೂ ಹಾಕಿದರು. ಸೋತು ಆಡಿದ ಮಾತಿಗೆ ಶಿಲಾಶಾಸನ ಬರೆಸಿಕೊಂಡವನು ಇವನೊಬ್ಬನೇ ಇರಬೇಕು.

ಟೆಕ್ಸಸ್‌ನ ಕೋಲ್ಟ್ ಮೆಕಾಯ್‌ದು ಲೆಕ್ಕದ ಕೈ. ನೂರು ಸಲ ಎಸೆದರೆ ಸುಮಾರು 77 ಸಲ ಚೆಂಡು ತಮ್ಮವರ ಕೈಗೇ ಸೇರಬೇಕು. ಆಗ ಅದು ರಾಷ್ಟ್ರೀಯ ದಾಖಲೆ. ಓಟಗಾರರಿಗೆ ಬಿಡುವು ಕೊಟ್ಟನೋ ಏನೋ, ತಂಡದಲ್ಲಿ ಅತಿ ಹೆಚ್ಚು ಗಜ ಓಡಿದವನೂ ಅವನೇ. ಇನ್ನು ಒಕ್ಲಹೋಮಾದ ಸ್ಯಾಮ್ ಬ್ರಾಡ್‌ಫರ್ಡ್‌ಗೆ ಮಾತು ಕಡಿಮೆ, ಟಚ್‌ಡೌನ್ ಜಾಸ್ತಿ. ಋತುವಿನಲ್ಲಿ ಚೆಂಡನ್ನು ಎದುರಾಳಿಯ ಕೊನೆಗೆರೆ ದಾಟಿಸಿದ 50 ಟಚ್‌ಡೌನ್ ಪಾಸ್, ತಂಡಕ್ಕೆ ಒಟ್ಟು 716 ಅಂಕ!

ಈಗ ನಿಜವಾದ ಜಗಳಕ್ಕೆ ಬರೋಣ. ಟೆಕ್ಸಸ್ ಮತ್ತು ಒಕ್ಲಹೋಮಾ ಪ್ರತಿವರ್ಷ ಸೆಣಸುವುದು ಡಲ್ಲಾಸಿನ ಜಾತ್ರೆ ಮೈದಾನದೊಳಗಿನ ಕಾಟನ್ ಬೌಲ್‌ನಲ್ಲಿ. ಕ್ರೀಡಾಂಗಣದ ಅರ್ಧ ಸುಟ್ಟ ಕಿತ್ತಳೆ ಬಣ್ಣ, ಅರ್ಧ ಕಡುಗೆಂಪು, 50 ಗಜದ ಗೆರೆಗೆ ಸರಿಯಾಗಿ ಜನಸಮುದ್ರ ಇಬ್ಭಾಗ. ಹೊರಗೆ ಎಣ್ಣೆಯಲ್ಲಿ ಕರಿಯಬಾರದ್ದನ್ನೆಲ್ಲ ಕರಿದು ಮಾರುತ್ತಿರುತ್ತಾರೆ. ಆ ಅಕ್ಟೋಬರಿನಲ್ಲಿ ಮೆಕಾಯ್ ತಂಡ 45-35ರಲ್ಲಿ ಗೆದ್ದಿತು. ಅಲ್ಲಿಗೆ ಮುಗಿಯಿತು ಅಂದಿರಾ? ಟೆಕ್ಸಸ್‌ಗೆ ಅದೇ ರಾಜ್ಯದ ಟೆಕ್ಸಸ್ ಟೆಕ್ ತಂಡ ಕೊನೇ ಸೆಕೆಂಡಿನಲ್ಲಿ ಮಣ್ಣು ಮುಕ್ಕಿಸಿತು. ಅದೇ ಟೆಕ್ ಅನ್ನು ಒಕ್ಲಹೋಮಾ 65-21ರಲ್ಲಿ ಬಡಿಯಿತು. ಮೂರು ತಂಡಗಳೂ ಸಮಸಮ! ಮುಂದಿನ ಹಂತಕ್ಕೆ ಯಾರು ಹೋಗಬೇಕು ಎಂದು ಪಂಚಾಯಿತಿಗೆ ಕೂತದ್ದು ಮತಗಳನ್ನೂ ಕಂಪ್ಯೂಟರನ್ನೂ ಬೆರೆಸಿದ ಒಂದು ಶ್ರೇಯಾಂಕಪಟ್ಟಿ. ಅದು ಒಕ್ಲಹೋಮಾದ ಕೈಹಿಡಿಯಿತು. ಟೆಕ್ಸಸ್‌ನವರು ಇವತ್ತಿಗೂ 45-35 ಅನ್ನುವುದನ್ನು ಫೋನ್ ನಂಬರಿನಂತೆ ಒಪ್ಪಿಸುತ್ತಾರೆ. ನ್ಯಾಯ ಅವರ ಕಡೆಗಿದೆ ಎಂದೇ ನನ್ನ ಅಭಿಪ್ರಾಯ, ಒಕ್ಲಹೋಮಾದವರು ಕ್ಷಮಿಸಬೇಕು.

ಹೈಸ್‌ಮನ್‌ಗೆ ಮತ ಹಾಕುವವರು ಹೆಚ್ಚಾಗಿ ಪತ್ರಕರ್ತರು. ಹಿಂದೆ ಗೆದ್ದವರಿಗೂ ತಲಾ ಒಂದು ಮತವುಂಟು, ಅಂದಮೇಲೆ ಟೀಬೋ ಅಭ್ಯರ್ಥಿಯೂ ಹೌದು, ಮತದಾರನೂ ಹೌದು! ಒಬ್ಬೊಬ್ಬರು ಮೂರು ಹೆಸರು ಬರೆಯಬೇಕು; ಮೊದಲನೆಯದಕ್ಕೆ 3 ಅಂಕ, ಎರಡನೆಯದಕ್ಕೆ 2, ಮೂರನೆಯದಕ್ಕೆ 1. ಮೊದಲ ಸ್ಥಾನದ ಮತ ಟೀಬೋಗೆ 309, ಬ್ರಾಡ್‌ಫರ್ಡ್‌ಗೆ 300, ಮೆಕಾಯ್‌ಗೆ 266. ಒಟ್ಟು ಕೂಡಿದರೆ ಬ್ರಾಡ್‌ಫರ್ಡ್ 1,726, ಮೆಕಾಯ್ 1,604, ಟೀಬೋ 1,575. ಗಂಡು ನೋಡುವ ಮನೆಯಲ್ಲಿ ಇದು ಆಗುವುದೇ: ಅತ್ತೆ ಒಬ್ಬನಿಗೆ ಜೀವ ಬಿಡುತ್ತಾಳೆ, ದೊಡ್ಡಪ್ಪ ಅವನ ಹೆಸರೆತ್ತಿದರೆ ಎದ್ದು ಹೋಗುತ್ತಾನೆ, ಕೊನೆಗೆ ತಾಳಿ ಕಟ್ಟುವವನು "ಪರವಾಗಿಲ್ಲ ಕಣೇ, ಹುಡುಗ ಸಾಧು" ಅನ್ನಿಸಿಕೊಂಡವನು. ಬ್ರಾಡ್‌ಫರ್ಡ್‌ಗೆ ಎರಡನೇ ಸ್ಥಾನದ ಮತಗಳು 315, ಟೀಬೋಗೆ 207.

ಟೀಬೋ ಸುಮ್ಮನಿದ್ದನೇ? ಮರುತಿಂಗಳೇ ರಾಷ್ಟ್ರೀಯ ಫೈನಲಿನಲ್ಲಿ ಅದೇ ಬ್ರಾಡ್‌ಫರ್ಡ್ ತಂಡವನ್ನು 24-14ರಲ್ಲಿ ಕೆಡವಿದ. ಬ್ರಾಡ್‌ಫರ್ಡ್ 2010ರಲ್ಲಿ ವೃತ್ತಿಪರ ಲೀಗಿಗೆ ಮೊಟ್ಟಮೊದಲ ಆಯ್ಕೆಯಾಗಿ ಹೋಗಿ, 5 ಕೋಟಿ ಡಾಲರ್ ಖಾತರಿ ಹಣದ ಒಪ್ಪಂದಕ್ಕೆ ಸಹಿ ಹಾಕಿದ. ಹೊಸಬನಿಗೆ ಇಷ್ಟೊಂದೇ ಎಂದು ಕಣ್ಣುಬಿಟ್ಟ ಲೀಗು, ಮರುವರ್ಷದಿಂದ ಹೊಸಬರ ಸಂಬಳಕ್ಕೆ ಲಗಾಮು ಹಾಕಿತು. ಮೊಣಕಾಲು ಕೈಕೊಟ್ಟು ಅವನ ಆಟ 2018ಕ್ಕೆ ಮುಗಿಯಿತು. ಟೀಬೋ ಅದಕ್ಕೂ ಎಷ್ಟೋ ಮೊದಲೇ ಜಾಗ ಖಾಲಿ ಮಾಡಿ, ಆಮೇಲೆ ಬೇಸ್‌ಬಾಲ್ ಬ್ಯಾಟು ಹಿಡಿದ. ಅದೇ 2010ರ ಆಯ್ಕೆಯ ಮೂರನೇ ಸುತ್ತಿನಲ್ಲಿ, 85ನೆಯವನಾಗಿ ಆಯ್ಕೆಯಾದ ಮೆಕಾಯ್ ಮಾತ್ರ ಹೆಚ್ಚಿನ ತಂಡಗಳಲ್ಲಿ ಮೀಸಲು ಆಟಗಾರನಾಗಿ ಬೆಂಚು ಕಾಯುತ್ತ, ಕರೆದಾಗ ಎದ್ದು ಆಡುತ್ತ, 2022ರವರೆಗೂ ಸಂಬಳ ಎಣಿಸಿದ.